ತೊಂಬತ್ತಕ್ಕೆ ಎಂಬತ್ತು

ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಅಕ್ಕ ಮೂವತ್ತು ವರ್ಷ ಮೂಗಿನಿಂದಲೇ ಕೆಲಸ ಸಾಗಿಸಿದವಳು. ಭಾವ ಮೆಟ್ಟಿಲು ಹತ್ತುವಾಗಲೇ ಬ್ರಾಂದಿಯೋ ಬಿಯರೋ ಹೇಳುತ್ತಿದ್ದಳು. ಏಲಕ್ಕಿ, ಬೀಡಾ, ಪೇರಳೆ ಎಲೆ, ಯಾವುದರ ಆಟವೂ ಆ ಮೂಗಿನ ಮುಂದೆ ನಡೆಯುತ್ತಿರಲಿಲ್ಲ. ಆದರೆ ಮೂಗಿಗೆ ದಾಖಲೆ ಎಲ್ಲಿದೆ? "ನಿನಗೆ ಶೀತ ಆಗಿದೆ ಮಾರಾಯ್ತಿ" ಎಂದು ಭಾವ ಒಳಗೆ ನಡೆದುಬಿಡುತ್ತಿದ್ದರು. ಈಗ ಅಕ್ಕ ಆನ್‌ಲೈನಿನಲ್ಲಿ ಮೂತ್ರ ಪರೀಕ್ಷೆಯ ಸ್ಟ್ರಿಪ್ ತರಿಸಿದ್ದಾಳೆ.

ಕುಡಿದದ್ದನ್ನೆಲ್ಲ ಹೆಚ್ಚುಕಮ್ಮಿ ಲಿವರೇ ಸುಟ್ಟು ಮುಗಿಸುತ್ತದೆ. ಸಾವಿರದಲ್ಲಿ ಒಂದು ಪಾಲೂ ಇಲ್ಲದ ಚೂರು ಮಾತ್ರ ಈಥೈಲ್ ಗ್ಲುಕುರೋನೈಡ್ ಎಂಬ ಹೆಸರಿನಲ್ಲಿ ಮೂತ್ರಕ್ಕೆ ಇಳಿದು ಚಾಡಿ ಹೇಳುತ್ತದೆ. 80 ಗಂಟೆವರೆಗೂ ಹೇಳುತ್ತದೆಂದು ಪೊಟ್ಟಣದ ಮೇಲೆ ಬರೆದಿದೆ. ಚುನಾವಣೆಯ ಮದ್ಯ ನಿಷೇಧವೇ 48 ಗಂಟೆಗೆ ಮುಗಿಯುತ್ತದೆ! ನಿಜ ಹೇಳಬೇಕೆಂದರೆ ಒಂದು ನೈಂಟಿಯ ಗುರುತು ದಿನವೊಂದೆರಡರಲ್ಲಿ ಅಳಿಸಿಹೋಗುತ್ತದೆ. ಎಂಬತ್ತು ಏನಿದ್ದರೂ ಬಾಟಲಿ ಖಾಲಿ ಮಾಡಿದವರಿಗೆ. ಅಕ್ಕನಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ.

ರಸ್ತೆಯಲ್ಲಿ ಊದಿಸುವ ಪೊಲೀಸರಿಗಾದರೂ ಒಂದು ಮಿತಿ ಉಂಟು: 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ದಾಟಿದರೆ ಕೇಸು. ಸ್ಟ್ರಿಪ್ಪಿಗೆ ಎಷ್ಟು, ಯಾವಾಗ, ಯಾರ ಜೊತೆ ಎಂಬುದೊಂದೂ ಗೊತ್ತಿಲ್ಲ. ಭಾವ ಮೊದಲ ದಿನವೇ ನೆಪಗಳ ಪಟ್ಟಿ ಒಪ್ಪಿಸಿದರು: ಬಾಯಿ ಮುಕ್ಕಳಿಸಿದ ಮೌತ್‌ವಾಶ್, ಕೈಗೆ ಹಚ್ಚಿದ ಸ್ಯಾನಿಟೈಸರ್, ಗಂಟುನೋವಿಗೆ ಕುಡಿದ ದಶಮೂಲಾರಿಷ್ಟ, ಪಕ್ಕದ ಮನೆಯ ಬಾಯಮ್ಮ ಕಳ್ಳು ಹಾಕಿ ಉಬ್ಬಿಸಿದ ಸನ್ನಾ. ಮೊದಲ ಮೂರರಲ್ಲಿ ಸ್ವಲ್ಪ ಹುರುಳಿದೆ. ಹಬೆಯಲ್ಲಿ ಬೆಂದ ಸನ್ನಾದ ಮೇಲೆ ಅಪವಾದ ಹೊರಿಸಿದ್ದು ಮಾತ್ರ ಅನ್ಯಾಯ.

ಇನ್ನೊಬ್ಬರ ಲೋಟ ಇಣುಕುವ ಚಟ ಮಂಗಳೂರಿಗೆ ಹೊಸದಲ್ಲ. 2009ರ ಜನವರಿಯಲ್ಲಿ ಪಬ್ಬಿಗೆ ನುಗ್ಗಿ ಹುಡುಗಿಯರಿಗೆ ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 2018ರಲ್ಲಿ ಸಾಕ್ಷ್ಯ ಸಾಲದೆ ಆರೋಪಿಗಳೆಲ್ಲ ಬಿಡುಗಡೆಯಾದರು. ಅಲ್ಲಿ ಇಡೀ ದೇಶ ನೋಡಿದ್ದೂ ಸಾಲಲಿಲ್ಲ. ನಮ್ಮ ಭಾವನಿಗೆ ಒಂದು ಗೆರೆ ಸಾಕು.

ಗೆರೆಯ ವಿಷಯ ಬಂತಲ್ಲ, ಅಲ್ಲೇ ಎಡವಟ್ಟಾದದ್ದು. ಬಸುರಿನ ಪರೀಕ್ಷೆಯಲ್ಲಿ ಎರಡು ಗೆರೆ ಬಂದರೆ 'ಉಂಟು'. ಇದರಲ್ಲಿ ಎರಡು ಗೆರೆ ಬಂದರೆ 'ಇಲ್ಲ'. ಮೊದಲ ಪರೀಕ್ಷೆಯಲ್ಲಿ ಭಾವ ಪಾಸಾದರು. ಬೆಳಿಗ್ಗೆಯೇ ಮೂರು ಬೊಂಡ ಕುಡಿದು ಮೂತ್ರವನ್ನು ನೀರು ಮಾಡಿಕೊಂಡಿದ್ದರೆಂಬುದು ಬೇರೆ ಮಾತು. ಆ ಸ್ಟ್ರಿಪ್ ಕಸದ ಬುಟ್ಟಿಯಲ್ಲಿ ಅಕ್ಕನ ಅತ್ತೆಯ ಕಣ್ಣಿಗೆ ಬಿತ್ತು. ಟಿವಿ ಜಾಹೀರಾತು ನೋಡಿ ಕಲಿತವರು, ತುಟಿ ಪಿಟಕ್ಕೆನ್ನದೆ ಹೆಸರುಬೇಳೆ ಪಾಯಸ ಮಾಡಿ ಮೊಮ್ಮಗನ ಹೆಂಡತಿಯ ಮುಂದೆ ಇಟ್ಟರು. "ವಿಶೇಷ ಉಂಟಲ್ಲ ಮಗಾ, ನನಗೇ ಹೇಳಲಿಲ್ಲ ನೀನು!" ಹುಡುಗಿ ಕೆಂಪಾದಳು, ಅಕ್ಕ ಕಪ್ಪಾದಳು, ಭಾವ ಎರಡು ಲೋಟ ಪಾಯಸ ಕುಡಿದರು.

ಕುಡಿತ ಬಿಡಬೇಕೆಂದು ತಾನಾಗಿ ಆಸ್ಪತ್ರೆ ಹತ್ತಿದವನಿಗೆ ಇದೇ ಪರೀಕ್ಷೆ ಊರುಗೋಲು. ಭಾವ ಹತ್ತಿದವರಲ್ಲ. ಮೇಲಾಗಿ ಅವರ ಬಳಿ ಅಂಕಿಅಂಶ ಉಂಟು. "2025-26ಕ್ಕೆ ಸರ್ಕಾರ ಅಬಕಾರಿಯಲ್ಲಿ 40,000 ಕೋಟಿಯ ಗುರಿ ಇಟ್ಟಿದೆ. ಎಲ್ಲರ ಮನೆಯಲ್ಲೂ ನಿನ್ನ ಅಕ್ಕ ಇದ್ದರೆ ಗ್ಯಾರಂಟಿಗೆ ದುಡ್ಡೆಲ್ಲಿಂದ?"

ದಿನಾ ಅದ್ದಿದರೆ ಹಾಲಿನ ಬಿಲ್ಲಿಗಿಂತ ಹೆಚ್ಚಾಗುತ್ತದೆಂದು ಅಕ್ಕ ವಾರಕ್ಕೊಂದೇ ಸ್ಟ್ರಿಪ್, ಶನಿವಾರ ಬೆಳಿಗ್ಗೆ ಎಂದು ಗೊತ್ತು ಮಾಡಿದಳು. ಭಾವ ಒಡನೆ ಒಪ್ಪಿದರು. ಶನಿವಾರ ರಾತ್ರಿ ಹತ್ತಕ್ಕೆ ಕುಡಿದರೆ 80 ಗಂಟೆ ಮುಗಿಯುವುದು ಬುಧವಾರ ಬೆಳಿಗ್ಗೆ ಆರಕ್ಕೆ. ಮುಂದಿನ ಪರೀಕ್ಷೆಗೆ ಮತ್ತೆ ಮೂರು ದಿನ ರಜೆ!

ಮೊನ್ನೆ ಶನಿವಾರ ನಾನು ಅಲ್ಲೇ ಇದ್ದೆ. ಎರಡು ಗೆರೆಯ ಸ್ಟ್ರಿಪ್ಪನ್ನು ಭಾವ ಪ್ಲಾಸ್ಟಿಕ್ ಕವರಿಗೆ ಹಾಕಿ, ಧರ್ಮಸ್ಥಳದ ಮ್ಯಾಗ್ನೆಟ್ಟಿನಲ್ಲಿ ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದರು. ಸಂಜೆ ವಾಕಿಂಗ್ ಹೋದವರು ಬಂದದ್ದು ಹತ್ತೂವರೆಗೆ. ಬಾಗಿಲು ತೆರೆದ ಅಕ್ಕ ಒಮ್ಮೆ ಉಸಿರೆಳೆದಳು.

"ಬ್ರಾಂದಿ."

ಭಾವ ಮಾತಾಡಲಿಲ್ಲ. ಫ್ರಿಜ್ಜಿನ ಕಡೆ ಬೆರಳು ತೋರಿಸಿದರು.