ನೆಗ್ಗಿನ ರಾಯರು

ಚೆನ್ನೈಯ ತಿರುವಾನ್ಮಿಯೂರಿನಲ್ಲಿ, ಸಮುದ್ರದ ಗಾಳಿಯು ತಂಪನ್ನೂ ಉಪ್ಪನ್ನೂ ಸಮಸಮವಾಗಿ ಹೊತ್ತು ತರುವ ಒಂದು ಬೀದಿಯಲ್ಲಿ, ಬ್ಯಾಂಕಿನ ಸೇವೆಯಿಂದ ನಿವೃತ್ತರಾಗಿ, ಮಕ್ಕಳನ್ನು ಪರದೇಶಗಳಿಗೆ ಒಪ್ಪಿಸಿ, ಇನ್ನು ಚಿಂತಿಸುವುದಕ್ಕೆ ಏನೂ ಉಳಿಯಲಿಲ್ಲವಲ್ಲಾ ಎಂಬ ಚಿಂತೆಗೆ ಒಳಗಾಗಿದ್ದ ನಮ್ಮ ರಾಯರಿಗೆ, ದೈವವು ಕರುಣೆಯಿಂದ ಒಂದು ಬೆಳ್ಳಿಬಣ್ಣದ ಕಾರನ್ನು ದಯಪಾಲಿಸಿತು. ಇಂಥ ರಾಯರು ಮಾಂಬಲದಲ್ಲಿಯೂ ಉಂಟು, ಮಲ್ಲೇಶ್ವರದಲ್ಲಿಯೂ ಉಂಟು. ವಾಚಕರು ಬೆಳಗಿನ ಆರು ಗಂಟೆಗೆ ತಮ್ಮ ಕಟ್ಟಡದ ಕೆಳಗಿಳಿದು ನೋಡಿದರೆ, ಕತ್ತು ಜಗ್ಗಿದ ಬನಿಯನ್ನು ತೊಟ್ಟು, ಒದ್ದೆ ಬಟ್ಟೆಯನ್ನು ಹಿಡಿದು, ಕಾರಿಗೆ ಪ್ರದಕ್ಷಿಣೆ ಬರುತ್ತಿರುವ ಒಬ್ಬರಾದರೂ ಕಂಡಾರು.

ಕಾರು ಇನ್ನೊಬ್ಬರಿಂದ ಕೊಂಡದ್ದು. ಆದರೂ "ಅಷ್ಟೂ ಕಂಪನಿ ಬಣ್ಣ ಕಣ್ರೀ, ಎಲ್ಲಿಯೂ ಮರುಬಣ್ಣ ಸೋಕಿಲ್ಲ" ಎಂಬುದು ರಾಯರ ಮಹಾವಾಕ್ಯ. ರಾಮಾನುಜಾಚಾರ್ಯರು ಜನಿಸಿದ ಶ್ರೀಪೆರುಂಬುದೂರಿನ ಮಗ್ಗುಲಲ್ಲಿ, ಇರುಂಗಾಟ್ಟುಕೋಟೆಯ ಕಾರ್ಖಾನೆಯಲ್ಲಿ, ತಮ್ಮ ಕಾರೂ ಅವತರಿಸಿತೆಂಬುದನ್ನು, ತಾವು ಮಾಧ್ವರಾಗಿದ್ದೂ, ಅವರು ಭಕ್ತಿಯಿಂದಲೇ ನಿವೇದಿಸುವರು. ಆಯುಧಪೂಜೆಯಂದು ಗಂಧಕುಂಕುಮಗಳಿಗೆ ಗಾಜಿನ ಮೇಲೆ ಮಾತ್ರ ಪ್ರವೇಶ; ಬೂದುಗುಂಬಳಕಾಯಿಯನ್ನು ಒಡೆಯುವುದು ಪಕ್ಕದ ಬೀದಿಯಲ್ಲಿ. ಕೂವಂ ನದಿಯ ದಂಡೆಯ ಪುದುಪೇಟೆಯಲ್ಲಿ, ಹಳೆಯ ಮೋಟಾರುಗಳ ಅಂಗಾಂಗಗಳನ್ನು ಬಿಚ್ಚಿ ಮಾರುವ ಅಂಗಡಿಸಾಲಿನ ಮುಂದೆ ಹಾದುಹೋಗುವಾಗ, ಸ್ಮಶಾನವನ್ನು ದಾಟುವವರಂತೆ ಗಾಜನ್ನು ಏರಿಸಿಕೊಂಡು ಮೌನ ತಾಳುವರು.

ಇಂಥವರ ಕಾರಿಗೆ ಕಳೆದ ಮೇ ತಿಂಗಳಲ್ಲಿ ಒಂದೇ ವಾರದೊಳಗೆ ಮೂರು ನೆಗ್ಗುಗಳು ಪ್ರಾಪ್ತವಾದವು: ಬಾನೆಟ್ಟಿಗೆ ರಜೆಯ ಹುಡುಗರ ಕ್ರಿಕೆಟ್ ಚೆಂಡಿನಿಂದ, ಮುಂಬಾಗಿಲಿನ ಅಂಚಿಗೆ ಯಾರದೋ ಸ್ಕೂಟರಿನ ಹ್ಯಾಂಡಲ್ಲಿನಿಂದ, ಹಿಂದಿನ ಬಂಪರಿಗೆ ಸ್ವಯಂ ರಾಯರಿಂದ. ಬಂಪರಿನದನ್ನು ಅವರೇ ಗುಣಪಡಿಸಿದರು. ಅದು ಪ್ಲಾಸ್ಟಿಕ್, ಕುದಿನೀರು ಹೊಯ್ದು ಒಳಗಿನಿಂದ ಒತ್ತಿದೊಡನೆ ಟಪ್ಪೆಂದು ಹೊರಬಂದಿತು. ಜಯೋನ್ಮತ್ತರಾದ ರಾಯರು ಮೇಲಕ್ಕೆ ಓಡಿಹೋಗಿ, ಫಿಲ್ಟರಿಗಾಗಿ ಕಾಯಿಸಿದ್ದ ನೀರನ್ನು ತಂದು ಬಾನೆಟ್ಟಿನ ಮೇಲೂ ಅಭಿಷೇಕ ಮಾಡಿದರು. ಉಕ್ಕು ಕದಲಲಿಲ್ಲ. "ಇವತ್ತಿನ ಕಾಫಿ ಕಾರಿಗೇ ಆಯಿತೇನು?" ಎಂದು ಬಾಲ್ಕನಿಯಿಂದ ಮನೆಯವರ ಧ್ವನಿ ಮಾತ್ರ ಕೇಳಿಬಂದಿತು.

ಬಣ್ಣವನ್ನು ಮುಟ್ಟದೆಯೇ ನೆಗ್ಗನ್ನು ತೆಗೆಯುವ ಮೇಸ್ತ್ರಿಯೊಬ್ಬನು ಮನೆಬಾಗಿಲಿಗೇ ಬಂದದ್ದು ಇದಾದ ಮೇಲೆ. ಸುತ್ತಿಗೆಯ ಸದ್ದನ್ನು ನಿರೀಕ್ಷಿಸಿ ಎದೆ ಗಟ್ಟಿಮಾಡಿಕೊಂಡಿದ್ದ ರಾಯರಿಗೆ ಅವನ ಕೆಲಸವು ಶಸ್ತ್ರಚಿಕಿತ್ಸೆಯಂತೆ ತೋರಿತು. ಪಟ್ಟೆಪಟ್ಟೆಯ ಬೆಳಕು ಬೀರುವ ದೀಪವೊಂದನ್ನು ಅವನು ಬಾನೆಟ್ಟಿನ ಮೇಲೆ ನಿಲ್ಲಿಸಿದನು. ಸಮತಟ್ಟಾದ ಕಡೆ ಪಟ್ಟೆಗಳು ನೆಟ್ಟಗಿದ್ದು, ನೆಗ್ಗಿದ್ದ ಕಡೆ ಹಾವಿನಂತೆ ಸುತ್ತಿಕೊಂಡವು. ತುದಿ ಬಾಗಿದ ಕಬ್ಬಿಣದ ಸಲಾಕೆಯನ್ನು ಅಡಿಯಿಂದ ತೂರಿಸಿ, ನೆಗ್ಗಿನ ಅಂಚಿನಿಂದ ನಡುವಿನ ಕಡೆಗೆ, ಒಮ್ಮೆಗೆ ಒಂದು ಕೂದಲಿನಷ್ಟರಂತೆ ಒತ್ತುತ್ತ, ಮಿತಿಮೀರಿ ಉಬ್ಬಿದ್ದನ್ನು ಪ್ಲಾಸ್ಟಿಕ್ಕಿನ ಮೊಳೆಯಿಂದ ಮೆಲ್ಲಗೆ ತಟ್ಟಿ ಇಳಿಸುತ್ತ, ಕಣ್ಣನ್ನು ಮಾತ್ರ ಆ ಪಟ್ಟೆಗಳಿಂದ ಕೀಳದೆ ಅವನು ಕುಳಿತನು. ಬಣ್ಣವು ಬಿರಿಯದಿರಲೆಂದು ಚಳಿಯ ದೇಶಗಳಲ್ಲಿ ತಗಡನ್ನು ಬೆಚ್ಚಗೆ ಮಾಡಿಕೊಳ್ಳುವರಂತೆ. ಚೆನ್ನೈಯಲ್ಲಿ ಆ ಉಪಕಾರವನ್ನು ಮೇ ತಿಂಗಳ ಕತ್ತಿರಿ ಬಿಸಿಲು ಪುಕ್ಕಟೆಯಾಗಿ ಮಾಡುತ್ತದೆ. (ಅದೇ ಬಿಸಿಲು, ಸಲಾಕೆ ಹೋಗದ ಕಡೆ ಅಂಟು ಹಚ್ಚಿ ಎಳೆಯಹೊರಟರೆ ಅಂಟನ್ನು ಕರಗಿಸಿ ಕೈಕೊಡುವುದೂ ಉಂಟು.) ಮುಕ್ಕಾಲು ಗಂಟೆಯಲ್ಲಿ ಹಾವುಗಳೆಲ್ಲ ನೆಟ್ಟಗಾದವು.

ರಾಯರು ಮೇಸ್ತ್ರಿಯನ್ನು ಬಾಗಿಲಿನ ಬಳಿಗೆ ಕರೆದೊಯ್ದರು. ಅವನು ಬಗ್ಗಿ ನೋಡಿ, "ಆಹಾದು ಸಾರ್" ಎಂದನು.

"ಏನಪ್ಪಾ ಹಾಗಂದರೆ? ಅಂಗೈ ಅಗಲದ್ದನ್ನು ತೆಗೆದವನಿಗೆ ಉಗುರಿನಷ್ಟರದು ಆಗುವುದಿಲ್ಲವೇ?"

ಅಳತೆಯ ಪ್ರಶ್ನೆಯಲ್ಲ ಇದು ಎಂಬುದನ್ನು ಮೇಸ್ತ್ರಿಯು ತಮಿಳಿನಲ್ಲಿ ವಿವರಿಸತೊಡಗಿದನು. ಚೆಂಡು ಬಿದ್ದ ತಗಡು ಬರಿದೆ ಬಾಗಿರುತ್ತದೆ. ತನ್ನ ಮೊದಲಿನ ಆಕಾರವು ಅದಕ್ಕೆ ನೆನಪಿರುವುದರಿಂದ, ದಾರಿ ತೋರಿದರೆ ಹಿಂದಿರುಗುತ್ತದೆ. ಹ್ಯಾಂಡಲ್ಲು ತಿವಿದ ಕಡೆ ತಗಡು ಗೀರಿನಂತೆ ಮಡಿಸಿ ಜಗ್ಗಿಹೋಗಿದೆ, ಜಗ್ಗಿದ್ದು ಹಿಂದಿರುಗದು. ಇಲ್ಲಿ ಉಪಮಾನವೊಂದನ್ನು ಅರಸುತ್ತ ಅವನ ದೃಷ್ಟಿಯು ರಾಯರ ಬನಿಯನ್ನಿನ ಕತ್ತಿನ ಮೇಲೆ ನಿಂತಿತು. ಸೌಜನ್ಯದಿಂದ ಅವನು ಬಾಯಿ ತೆರೆಯಲಿಲ್ಲ, ರಾಯರು ಮಾತ್ರ ಅದನ್ನು ಮೇಲಕ್ಕೆಳೆದುಕೊಂಡರು. ಮೇಲಾಗಿ ಅದು ಬಾಗಿಲಿನ ಅಂಚು. ತಗಡು ಅಲ್ಲಿ ಇಮ್ಮಡಿಯಾಗಿ ಮಡಿಸಿಕೊಂಡಿರುವುದರಿಂದ ಸಲಾಕೆಗೆ ಎಡೆಯಿಲ್ಲ. ಬಣ್ಣವೂ ಬಿರಿದಿದೆ. ನೆಗ್ಗನ್ನು ಎತ್ತಿದರೂ ಬಿರುಕು ಕೂಡಿಕೊಳ್ಳದು. ಈ ಕಡಲಗಾಳಿಗೆ ತುಕ್ಕು ಹಿಡಿಯುವ ಮುನ್ನ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಿರಿ, ಎಂದನು.

ಮರುಬಣ್ಣ! ರಾಯರು ಆ ಶಬ್ದವನ್ನು ಮೈಲಿಗೆಯನ್ನು ಕೊಡವುವಂತೆ ಕೊಡವಿ, "ಹೋಗಲಿ, ಈ ಹಿಂಬಾಗಿಲಲ್ಲಿ ನಾನು ಕೊಂಡಾಗಿನಿಂದ ಸಣ್ಣದೊಂದು ತಗ್ಗಿದೆ. ದುಂಡಗಿದೆ, ಬಣ್ಣ ಹೋಗಿಲ್ಲ, ಅಂಚಿನಲ್ಲೂ ಇಲ್ಲ. ನಿನ್ನ ಶಾಸ್ತ್ರಕ್ಕೆ ಪೂರ್ತಿ ಒಪ್ಪುತ್ತದೆ" ಎಂದರು.

ಮೇಸ್ತ್ರಿಯು ಬೆರಳಿನ ಗೆಣ್ಣಿನಿಂದ ಮುಂಬಾಗಿಲನ್ನು ತಟ್ಟಿದನು, ತಗಡು ಖಣಿಲೆಂದಿತು. ಹಿಂಬಾಗಿಲನ್ನು ತಟ್ಟಿದನು, ಬಲಿಯದ ಹಲಸಿನಕಾಯಿಯಂತೆ ಅದು ದೊಪ್ಪೆಂದಿತು. ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತದ ತುಂಡೊಂದನ್ನು ಜೇಬಿನಿಂದ ತೆಗೆದು ಮುಂಬಾಗಿಲಿಗೆ ಹಚ್ಚಿದನು, ಕಚ್ಚಿಕೊಂಡಿತು. ಹಿಂಬಾಗಿಲಿಗೆ ಹಚ್ಚಿದನು, ನೆಲಕ್ಕೆ ಬಿದ್ದಿತು.

"ಉಳ್ಳೆ ಪಟ್ಟಿ ಸಾರ್. ಒತ್ತಿದರೆ ಹೆಂಟೆಹೆಂಟೆಯಾಗಿ ಉದುರುತ್ತೆ."

ಹಳೆಯ ನೆಗ್ಗನ್ನು ಮುಚ್ಚಲು ಮೆತ್ತಿದ, ಬೆರಳು ದಪ್ಪದ ಪುಟ್ಟಿ, ಅದರ ಮೇಲೆ ಯಾವನೋ ಪುಣ್ಯಾತ್ಮನು ಕಂಪನಿಯನ್ನೇ ನಾಚಿಸುವಂತೆ ಹೊಡೆದ ಬೆಳ್ಳಿಬಣ್ಣ. ಇಷ್ಟು ವರ್ಷಗಳ ಪ್ರದಕ್ಷಿಣೆಯಲ್ಲಿ ರಾಯರು ಅತ್ಯಧಿಕವಾಗಿ ಒರೆಸಿದ್ದು ಆ ಬಾಗಿಲನ್ನೇ. ಅದರ ಹೊಳಪೇ ಬೇರೆ ಎಂದು ನನಗೂ ಎರಡು ಸಲ ತೋರಿಸಿದ್ದರು.

ನಾಲ್ಕು ದಿನ ಅವರು ಕೆಳಗಿಳಿಯಲಿಲ್ಲ. ಐದನೆಯ ದಿನ ಬೆಳಗಿನ ಆರು ಗಂಟೆಗೆ, ಹೊಸ ಬನಿಯನ್ನು ತೊಟ್ಟು, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ತಿರುಪತಿ ತಿಮ್ಮಪ್ಪನ ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿ ಹಿಡಿದು, ರಾಯರು ಪುನಃ ಪ್ರದಕ್ಷಿಣೆ ಬರುತ್ತಿದ್ದುದನ್ನು ಕಂಡೆನು. ಈ ಬಾರಿ ನನ್ನ ಕಾರಿನ ಸುತ್ತ.