ತಾಟು ಹಿಡಿಯುವ ವಿದ್ಯೆಗೆ ರಾಜಾಶ್ರಯ

ಕೌಶಲ್ಯಾಭಿವೃದ್ಧಿ, ಪ್ರವಾಸೋದ್ಯಮ ಹಾಗೂ ತತ್ಸಂಬಂಧಿ ಸಮಸ್ತ ಇಲಾಖೆಗಳ ಮಹನೀಯರ ಸನ್ನಿಧಾನಕ್ಕೆ ವಿಜಯಪುರ ಜಿಲ್ಲೆ, ತಿಕೋಟಾ ತಾಲೂಕು, ಬಿಜ್ಜರಗಿ ಗ್ರಾಮದ ಒಬ್ಬ ಕರದಾತನು ಮಾಡುವ ಅನೇಕ ನಮಸ್ಕಾರಗಳು.

ತರುವಾಯ ಅರಿಕೆ ಮಾಡಿಕೊಳ್ಳುವುದೇನೆಂದರೆ, ಹಸಿದು ಬಂದವನಿಗೆ ಅನ್ನವಿಕ್ಕುವುದೂ ದಣಿದು ಬಂದವನಿಗೆ ಹಾಸಿಗೆ ಹಾಸಿಕೊಡುವುದೂ ಮನುಷ್ಯನಾದವನು ತಾಯಿಯ ಸೆರಗು ಹಿಡಿದು ತಿರುಗುವ ಕಾಲದಲ್ಲಿಯೇ ಅರಿತುಕೊಳ್ಳುವ ಸಾಮಾನ್ಯ ಸಂಗತಿಗಳೆಂದು ನಾವು ಬಹುಕಾಲದಿಂದ ಭ್ರಮಿಸಿಕೊಂಡಿದ್ದೆವು. ಅದು ಹಾಗಲ್ಲವೆಂದೂ, ಆತಿಥ್ಯವೆಂಬುದು ಪಠ್ಯಕ್ರಮ, ಹಾಜರಿಪಟ್ಟಿ, ಪರೀಕ್ಷೆ, ಅನುದಾನ ಎಂಬ ಚತುರಂಗಗಳಿಂದ ಕೂಡಿದ ಒಂದು ಶಾಸ್ತ್ರವೆಂದೂ ತಾವು ನಮ್ಮ ಕಣ್ಣು ತೆರೆಯಿಸಿದಿರಿ. 2009-10ನೆಯ ಸಾಲಿನಲ್ಲಿ ಕೇಂದ್ರದ ಪ್ರವಾಸೋದ್ಯಮ ಸಚಿವಾಲಯವು 'ಹುನರ್ ಸೇ ರೋಜ್‌ಗಾರ್ ತಕ್' ಎಂಬ ಯೋಜನೆಯನ್ನು ಆರಂಭಿಸಿ, 8ನೆಯ ಇಯತ್ತೆ ಪಾಸಾದ, 18 ವರ್ಷ ತುಂಬಿದ ತರುಣ ತರುಣಿಯರಿಗೆ ಅಡುಗೆಯ ವಿದ್ಯೆಯನ್ನು 8 ವಾರಗಳಲ್ಲಿಯೂ ಬಡಿಸುವ ವಿದ್ಯೆಯನ್ನು 6 ವಾರಗಳಲ್ಲಿಯೂ ಸಾಂಗವಾಗಿ ಧಾರೆಯೆರೆದು, ತೇರ್ಗಡೆಯಾದ ಅಡುಗೆಯವನಿಗೆ 2000 ರೂಪಾಯಿಗಳನ್ನೂ ಬಡಿಸುವವನಿಗೆ 1500 ರೂಪಾಯಿಗಳನ್ನೂ ಕೊಟ್ಟು ಕಳುಹಿಸುವ ವ್ಯವಸ್ಥೆ ಮಾಡಿತು. ನಮ್ಮ ಮನೆಗಳಲ್ಲಿ ಸೊಸೆಯಾಗಿ ಬಂದವಳು ಹತ್ತು ವರ್ಷ ಒಲೆಯ ಮುಂದೆ ಕುಳಿತರೂ ಅತ್ತೆಯ ಬಾಯಿಂದ "ನಡೀತದ" ಎಂಬ ಒಂದು ಮಾತನ್ನು ಗಳಿಸಲಾರದೆ ಕಣ್ಣೀರಿಡುತ್ತಿರುವಾಗ, 8 ವಾರಗಳಲ್ಲಿ ಪಾಕಪ್ರವೀಣರನ್ನು ಸೃಷ್ಟಿಸಬಲ್ಲ ತಮ್ಮ ಗುರುಕುಲಕ್ಕೆ ನಮ್ಮ ಅತ್ತೆಯರನ್ನು ಪರೀಕ್ಷಕರನ್ನಾಗಿ ಕಳುಹಿಸದೆ ಇದ್ದುದು ತಮ್ಮ ಪುಣ್ಯವೆಂದೇ ಹೇಳಬೇಕು.

ಒಂದು ಯೋಜನೆಯಿಂದ ತಮ್ಮ ಔದಾರ್ಯವು ತೃಪ್ತಿಗೊಳ್ಳಲಿಲ್ಲ. 2014ರಲ್ಲಿ ದೀನದಯಾಳ ಉಪಾಧ್ಯಾಯರ ಹೆಸರಿನ ಗ್ರಾಮೀಣ ಕೌಶಲ್ಯ ಯೋಜನೆ, 2015ರಲ್ಲಿ ಪ್ರಧಾನಮಂತ್ರಿಗಳ ಹೆಸರಿನ ಕೌಶಲ ವಿಕಾಸ ಯೋಜನೆ, 2017ರಲ್ಲಿ ಮುಖ್ಯಮಂತ್ರಿಗಳ ಹೆಸರಿನ ಕೌಶಲ್ಯ ಕರ್ನಾಟಕ ಯೋಜನೆ ಒಂದರ ಬೆನ್ನಿಗೆ ಒಂದು ಬಂದುವು. ನಮ್ಮ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಇದರಿಂದ ಆಶ್ಚರ್ಯವೇನೂ ಆಗಲಾರದು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಹನು ಮಲಗಿರುವ ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಒಬ್ಬನು ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಏಳು ಸಲ ಮರಳಿ ಬರುವುದನ್ನು ನಾವು ಬಾಲ್ಯದಿಂದ ಕೇಳಿದವರು. ಏಳೂ ಸಲ ಕೇಳಿಬಂದದ್ದು ಅದೇ ಒಂದು ಚಪ್ಪಾಳೆಯೆಂಬುದೂ, ಕೈ ಉರಿದದ್ದು ತಟ್ಟಿದವನದೇ ಎಂಬುದೂ ನಮಗೆ ತಿಳಿದೇ ಇದೆ.

ಈ ವಿದ್ಯಾದಾನದ ಲೆಕ್ಕಪತ್ರಗಳನ್ನು ತೆರೆದು ನೋಡಿದ ಭಾರತದ ಮಹಾಲೇಖಪಾಲರು ಮಾತ್ರ ರಸಿಕರಲ್ಲವೆಂದು ತೋರುತ್ತದೆ. 2015ರಿಂದ 2022ರ ವರೆಗಿನ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಕಡತಗಳನ್ನು ಶೋಧಿಸಿದ ಅವರು, ಶೇಕಡಾ 94ಕ್ಕೂ ಹೆಚ್ಚಿನ ಫಲಾನುಭವಿಗಳ ಬ್ಯಾಂಕ್ ಖಾತೆಯ ಅಂಕಣದಲ್ಲಿ ಸೊನ್ನೆಗಳಿದ್ದವೆಂದೋ, ಅನ್ವಯಿಸದು ಎಂಬ ಒಕ್ಕಣೆಯಿತ್ತೆಂದೋ, ಏನೂ ಇರಲಿಲ್ಲವೆಂದೋ ಬರೆದಿದ್ದಾರೆ. ಅಲ್ಪಾವಧಿಯ ತರಬೇತಿ ಪಡೆದು ಪ್ರಮಾಣಪತ್ರ ಗಳಿಸಿದವರಲ್ಲಿ ಉದ್ಯೋಗ ದೊರಕಿದ್ದು ಶೇಕಡಾ 41ರಷ್ಟು ಜನರಿಗೆಂದೂ ಸೇರಿಸಿದ್ದಾರೆ. ಸೊನ್ನೆಯನ್ನು ಜಗತ್ತಿಗೆ ಕೊಟ್ಟ ದೇಶವೆಂಬ ಕೀರ್ತಿಯನ್ನು ನಮ್ಮ ತರಬೇತಿ ಕೇಂದ್ರಗಳವರು ಇಷ್ಟು ಶ್ರದ್ಧೆಯಿಂದ ಕಾಪಾಡಿಕೊಂಡು ಬಂದಿರುವಾಗ ಅದನ್ನು ಆಕ್ಷೇಪಣೆಯೆಂದು ಕರೆಯುವುದು ಸೌಜನ್ಯವೇ? ನಮ್ಮ ಊರಿನ ಖಾನಾವಳಿಯ ಗಲ್ಲಾದ ಮೇಲಿನ ಉದ್ರಿ ವಹಿಯಲ್ಲಿ ಹೀಗೆ ಸೊನ್ನೆ ಬರೆದವನು ಮರುದಿನ ಊಟಕ್ಕೆ ಬರುವಂತಿಲ್ಲವೆಂಬುದು ಬೇರೆ ಮಾತು.

ಈಗ ಸ್ವಲ್ಪ ಹಿಂದಕ್ಕೆ ಹೋಗಲು ಅಪ್ಪಣೆಯಾಗಬೇಕು. ತಮ್ಮ ಅನುದಾನದ ಸುಳಿವೂ ಇಲ್ಲದ ಕಾಲದಲ್ಲಿ ದಕ್ಷಿಣ ಕನ್ನಡದ ಕರಾವಳಿಯಿಂದ ಬರಿಗಾಲಲ್ಲಿ ಹೊರಟ ಬಾಲಕರು ಮದರಾಸಿನಲ್ಲಿ, ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ ಏನು ಮಾಡಿದರೆಂಬುದು ಲೋಕವಿದಿತವಾದ ಸಂಗತಿ. ಪರರ ಅಡುಗೆಮನೆಯಲ್ಲಿ ಕೂಲಿಯಾಳಾಗಿ ದುಡಿಯತೊಡಗಿದ ಕಡಂದಲೆ ಕೃಷ್ಣರಾಯರು 1938ರಲ್ಲಿ ಮದರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಎಂಬ ವಸತಿಗೃಹವನ್ನು ತೆರೆದರು. ಎಳೆಯ ವಯಸ್ಸಿನಲ್ಲಿ ಮನೆ ಬಿಟ್ಟು ಪಾತ್ರೆ ತಿಕ್ಕಿ ಬೆಳೆದ ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಕಟ್ಟಿದರು. 1924ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಮಯ್ಯ ಸಹೋದರರು ತೊಡಗಿಸಿದ ಹೋಟೆಲು ಮುಂದೆ ಎಂ.ಟಿ.ಆರ್. ಎಂದು ಹೆಸರಾಯಿತು, ಆ ಮನೆತನದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಭೋಜನಗೃಹಗಳ ಶುಚಿತ್ವವನ್ನು ಕಣ್ಣಾರೆ ಕಂಡು ಬಂದು, ತಮ್ಮ ಹೋಟೆಲಿನ ತಟ್ಟೆ ಲೋಟಗಳನ್ನು ಬಿಸಿಯಲ್ಲಿ ಶುದ್ಧಿಗೊಳಿಸುವ ಪದ್ಧತಿಯನ್ನು ಹೂಡಿದರೆಂಬುದು ಆ ಹೋಟೆಲಿನ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಅಧ್ಯಯನ ಪ್ರವಾಸವೆಂದರೆ ಏನೆಂಬುದು ತಮ್ಮ ಕಚೇರಿಗಳಿಗೆ ಗೊತ್ತಿಲ್ಲದ ವಿಷಯವಲ್ಲ. ಪ್ರವಾಸದಿಂದ ಮರಳಿದ ಮೇಲೆ ತಟ್ಟೆ ಸ್ವಚ್ಛವಾದುದು ಮಾತ್ರ ವಿಶೇಷ. ಆ ಕಾಲದ ಮುಂಬಯಿಯಲ್ಲಿ ಹೋಟೆಲಿನ ಹುಡುಗರು ಹಗಲೆಲ್ಲ ಚಹದ ಲೋಟ ಹಿಡಿದು ಓಡಾಡಿ, ರಾತ್ರಿ ಕನ್ನಡದ ರಾತ್ರಿಶಾಲೆಗಳಲ್ಲಿ ತೂಕಡಿಸುತ್ತ ಕುಳಿತು ಅಕ್ಷರ ಕಲಿತು, ಹಲವರು ಪದವಿಯವರೆಗೂ ಏರಿದರು. ಅಂದರೆ ಶಾಲೆಗೆ ಹೋಗಬೇಕೆಂದು ಹೋಟೆಲು ಸೇರುತ್ತಿದ್ದ ಕಾಲ ಅದು. ಹೋಟೆಲು ಸೇರಬೇಕೆಂದು ಶಾಲೆಗೆ ಹೋಗುವ ಕಾಲ ಇದು. ಆ ಬಾಲಕರ ಪಾಡು ಸುಖದ್ದೆಂದು ನಾನು ಹೇಳುತ್ತಿಲ್ಲ. ನೆಲದ ಮೇಲೆ ಮಲಗಿ, ಎಣ್ಣೆ ಸಿಡಿದ ಕೈಗೆ ಮತ್ತೆ ಎಣ್ಣೆಯನ್ನೇ ಸವರಿಕೊಂಡು ಕಲಿತ ವಿದ್ಯೆಯದು. ಅದನ್ನು ಸುಲಭಗೊಳಿಸಲು ಸರಕಾರ ಹಣ ಕೊಡುವುದು ನ್ಯಾಯವೇ ಸರಿ, ಕೊಟ್ಟ ಹಣ ಕಲಿಯುವವನ ಕೈಗೂ ಕಲಿಸುವವಳ ಕೈಗೂ ಮುಟ್ಟುವುದಾದರೆ.

ಕಲಿಸುವವಳು ಎಂದೆನು. ಆಕೆಯನ್ನು ತಾವು ನೋಡಿರಲಾರಿರಿ, ಏಕೆಂದರೆ ತಾವು ಊಟ ಮಾಡುವಲ್ಲಿ ಅಡುಗೆಮನೆ ಕಾಣಿಸುವುದಿಲ್ಲ. ವಿಜಯಪುರದ ಬಸ್ ನಿಲ್ದಾಣದ ಆಸುಪಾಸಿನ ಯಾವುದಾದರೂ ಖಾನಾವಳಿಯ ಹಿಂಬಾಗಿಲಲ್ಲಿ ಒಂದು ಗಳಿಗೆ ನಿಲ್ಲುವ ತಾಳ್ಮೆಯಿದ್ದರೆ ರೊಟ್ಟಿ ಬಡಿಯುವ ಅಕ್ಕ ಕಣ್ಣಿಗೆ ಬೀಳುತ್ತಾಳೆ. ಬಿಳಿಜೋಳದ ಹಿಟ್ಟಿನ ನಡುವೆ ಕುಳಿ ಮಾಡಿ ಕುದಿಯುವ ಎಸರನ್ನು ಸುರಿದು, ಕೈ ತಡೆಯದ ಬಿಸಿಯಲ್ಲಿಯೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ, ಉಂಡೆ ಕಟ್ಟಿ, ಒಣಹಿಟ್ಟನ್ನು ಉದುರಿಸಿ, ಒಂದು ಕೈಯಿಂದ ಬಡಿಯುತ್ತ ಇನ್ನೊಂದು ಕೈಯ ಬೆರಳುಗಳಿಂದ ಅಂಚನ್ನು ತಿರುಗಿಸುತ್ತ, ಎಲ್ಲಿಯೂ ಸೀಳದಂತೆ ಅದನ್ನು ಅಗಲಗೊಳಿಸಿ, ಒಂದೇ ಬೀಸಿನಲ್ಲಿ ಹಂಚಿಗೆ ಹಾಕಿ, ಮೇಲುಗಡೆಗೆ ಒದ್ದೆಬಟ್ಟೆಯಿಂದ ನೀರು ಸವರಿ, ಆ ನೀರು ಆರಿತೋ ಇಲ್ಲವೋ ಎಂಬಷ್ಟರಲ್ಲಿ ಮಗುಚಿ, ಉರಿಗೆ ಆನಿಸಿ ಉಬ್ಬಿಸುವಾಗ, ಮುಂದಿನ ಉಂಡೆ ಆಗಲೇ ಅರ್ಧ ಅಗಲವಾಗಿರುತ್ತದೆ. ಹೊರಗಿನಿಂದ ಸಪ್ಲಾಯರ್ ಹುಡುಗ "ಅಕ್ಕಾ, ನಾಕ್ ಬಿಸಿ ರೊಟ್ಟಿ" ಎಂದು ಕೂಗಿದ್ದಕ್ಕೆ ಉತ್ತರ ಕೊಡದೆಯೇ ಆಕೆಯ ಕೈ ಲೆಕ್ಕ ಇಟ್ಟುಕೊಂಡಿರುತ್ತದೆ. ಹಿಟ್ಟನ್ನು ಮುಟ್ಟಿದ ಮಾತ್ರಕ್ಕೇ "ಈ ಹಿಟ್ಟಿಗಿ ಜಿಗಿನs ಇಲ್ಲ, ಬೀಸಿ ಭಾಳ ದಿನಾ ಆಗೇದ" ಎಂದು ಹೇಳಬಲ್ಲ ಆ ಬೆರಳುಗಳಿಗೆ ಸಮನಾದ ಉಪಕರಣವನ್ನು ತಮ್ಮ ಯಾವ ಪ್ರಯೋಗಶಾಲೆಯಲ್ಲಿಯೂ ನಾನು ಊಹಿಸಲಾರೆ. ಈಕೆಗೆ ಪ್ರಮಾಣಪತ್ರವಿಲ್ಲ; ಆದುದರಿಂದ ತಮ್ಮ ಶಾಸ್ತ್ರದ ಪ್ರಕಾರ ಕೌಶಲ್ಯವೂ ಇಲ್ಲ. ಇಂಥವರಿಗಾಗಿಯೇ 'ಪೂರ್ವಕಲಿಕೆಗೆ ಮಾನ್ಯತೆ' ಎಂಬ ಬಾಬತ್ತನ್ನು ತೆರೆದಿದ್ದೇವೆಂದು ತಾವು ಹೇಳಬಹುದು. ದಿಟ. ಆದರೆ ಅಲ್ಲಿಯೂ ಆಕೆ ಪರೀಕ್ಷೆಗೆ ಕುಳಿತುಕೊಳ್ಳುವವಳೇ ಹೊರತು ಪರೀಕ್ಷಿಸುವವಳಲ್ಲ. ಜೋಳದ ರೊಟ್ಟಿಯನ್ನು ಮುರಿದು ಪಲ್ಲೆ ಹಿಡಿಯಲು ಬಾರದವನೊಬ್ಬನು ಎಲ್ಲಿಂದಲೋ ಬಂದು ಆಕೆ ಅರ್ಹಳೆಂದು ಷರಾ ಬರೆಯತಕ್ಕದ್ದು.

ಇನ್ನು ನಮ್ಮ ಹುಡುಗರ ವಿದ್ಯಾಭ್ಯಾಸದ ಗತಿಯನ್ನು ಅವಲೋಕಿಸೋಣ. ಕರವಸ್ತ್ರವನ್ನು ಹಂಸದ ಆಕಾರದಲ್ಲಿ ಮಡಚುವುದು, ಚೂರಿ ಬಲಕ್ಕೆ ಫೋರ್ಕು ಎಡಕ್ಕೆ ಇಡುವುದು, ಹಾಸಿಗೆಯ ಹೊದಿಕೆಯ ಮೂಲೆಯನ್ನು ನಿರ್ದಿಷ್ಟ ಕೋನದಲ್ಲಿ ಒತ್ತುವುದು, "ಗುಡ್ ಈವನಿಂಗ್, ಸರ್" ಎನ್ನುವಾಗ ಮುಖದಲ್ಲಿ ಯಾವ ಪ್ರಮಾಣದ ನಗೆಯಿರಬೇಕೆಂಬುದು ಇವೆಲ್ಲ ಕಲಿಯತಕ್ಕ ಸಂಗತಿಗಳೇ. ಅವನ್ನು ನಾನು ಹೀಯಾಳಿಸುವುದಿಲ್ಲ. ಆದರೆ ಈ ಮಡಚಿದ ಹಂಸವನ್ನು ಹಿಡಿದುಕೊಂಡು ಅವನು ಹೋಗಬೇಕಾದುದು ಎಲ್ಲಿಗೆ? ಗೋಲಗುಮ್ಮಟ, ಇಬ್ರಾಹಿಂ ರೋಜಾ, ಬಾರಾಕಮಾನು, ಮಲಿಕ್-ಎ-ಮೈದಾನ ತೋಪುಗಳನ್ನು ಮುಂಜಾನೆಯಿಂದ ನೋಡಿ ಮುಗಿಸಿದ ಪ್ರವಾಸಿಗನು ಸಂಜೆಯೊಳಗೆ ಬಾದಾಮಿಯ ದಾರಿ ಹಿಡಿಯುತ್ತಾನೆ. ಅವನನ್ನು ಒಂದು ರಾತ್ರಿ ಇರಿಸಿಕೊಳ್ಳುವ ಉಪಾಯವನ್ನು ಯಾವ ಪಠ್ಯಕ್ರಮವೂ ಹೇಳಿಕೊಡಲಿಲ್ಲ. ಸರಕಾರದ್ದೇ ಆದ ಮಯೂರ ಆದಿಲಶಾಹಿ ಹೋಟೆಲು ನಗರದಲ್ಲಿ ಇದೆ, ಖಾಸಗಿ ವಸತಿಗೃಹಗಳೂ ಕೆಲವಿವೆ. ಆದರೆ ತಾವು ಸೃಷ್ಟಿಸುವ ಸೇವಕಸಂತತಿಗೆ ಸೇವ್ಯರು ಸಾಲದೆ, ಇಲ್ಲಿಯ ಕಪಾಟಿನೊಳಗೆ ಪ್ರಮಾಣಪತ್ರವನ್ನು ಇಟ್ಟು ಹುಡುಗನು ಪುಣೆಗೋ ಗೋವಾಕ್ಕೋ ಬೆಂಗಳೂರಿಗೋ ಬಸ್ಸು ಹತ್ತುತ್ತಾನೆ. ತಿಕೋಟಾ ಸೀಮೆಯ ದ್ರಾಕ್ಷಿಯನ್ನು ನಾವು ಶೆಡ್ಡಿನಲ್ಲಿ ಒಣಗಿಸಿ ತಾಸಗಾಂವ, ಸಾಂಗಲಿಗಳ ಪೇಟೆಗೆ ಒಯ್ಯುವ ಹಾದಿಯೂ ಆ ಪುಣೆಯ ಕಡೆಗೇ ಇದೆ. ಒಣದ್ರಾಕ್ಷಿಗಾದರೂ ಅಲ್ಲಿ ಸವಾಲು ಕೂಗಿ ಕಿಲೋಕ್ಕೆ ಇಷ್ಟೆಂದು ದರ ಹೇಳುತ್ತಾರೆ.

ಹಾಗೆ ಹೋದ ಹುಡುಗನನ್ನು ಬರಮಾಡಿಕೊಳ್ಳುವ ದೊಡ್ಡ ಹೋಟೆಲುಗಳ ಬಡತನವನ್ನು ನೆನೆದು ತಾವು ಮರುಗಿದುದು ತಮ್ಮ ಕರುಣೆಗೆ ಕಲಶವಿಟ್ಟಂತಾಯಿತು. 2016ರ ಶಿಶಿಕ್ಷು ಪ್ರೋತ್ಸಾಹಕ ಯೋಜನೆಯ ಮೇರೆಗೆ, ಶಿಶಿಕ್ಷುವಿಗೆ ಮಾಲೀಕನು ಕೊಡುವ ಭತ್ಯದ ಕಾಲುಪಾಲನ್ನು, ತಿಂಗಳಿಗೆ 1500 ರೂಪಾಯಿಗಳ ಮಿತಿಯೊಳಗೆ, ಸರಕಾರವೇ ಭರಿಸಲು ಒಪ್ಪಿತು. ಒಂದು ಊಟಕ್ಕೆ ನಮ್ಮ ಹೊಲದಾಳಿನ ಹಲವು ದಿನಗಳ ಕೂಲಿಯನ್ನು ಬಿಲ್ಲಿನಲ್ಲಿ ಬರೆಯುವ ಮಹಲುಗಳಲ್ಲಿ ತಟ್ಟೆಯೆತ್ತುವ ಹುಡುಗನ ಸಂಬಳಕ್ಕೆ ಬಿಜ್ಜರಗಿಯ ಕರದಾತನೂ ಒಂದು ಚಿಟಿಕೆ ಸೇರಿಸುತ್ತಿರುವನೆಂಬುದು ನೆನಪಾದಾಗ ನನಗೆ ಅಭಿಮಾನದಿಂದ ಕಣ್ಣು ಹನಿಗೂಡುತ್ತದೆ. ಖಾನಾವಳಿಯ ಮಾಲೀಕನು ಮಾತ್ರ ಈ ಸಹಾಯವನ್ನು ಕೇಳುವಂತಿಲ್ಲ. ಕೇಳಲು ಬೇಕಾದ ಪೋರ್ಟಲ್ಲು, ಪಾಸ್‌ವರ್ಡು, ಡಿಜಿಟಲ್ ಸಹಿಗಳನ್ನು ಸಂಪಾದಿಸುವಷ್ಟರಲ್ಲಿ ಪಲ್ಲೆ ಸೀದುಹೋಗುತ್ತದೆ.

ನಮ್ಮ ಊರು ಅನುದಾನ ಬೇಡುವುದರಲ್ಲಿ ಅಷ್ಟೇನೂ ಪಳಗಿದ ಊರಲ್ಲವೆಂಬುದನ್ನು ಇಲ್ಲಿ ನಿವೇದಿಸಬೇಕು. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಹುಟ್ಟಿದುದು ಈ ಬಿಜ್ಜರಗಿಯಲ್ಲಿ. ಅವರ ಅಂಗಿಗೆ ಜೇಬೇ ಇರಲಿಲ್ಲ, ಮನೆಬಾಗಿಲಿಗೆ ಬಂದ ಪದ್ಮಶ್ರೀಯನ್ನು 2018ರಲ್ಲಿ ಅವರು ವಿನಯದಿಂದ ಹಿಂದಕ್ಕೆ ಕಳುಹಿಸಿದರು. ಅಂಥವರ ಊರಿನವನಾದ ನಾನು ಜೇಬು ಹೊಲಿಸಿಕೊಂಡೇ ತಮ್ಮ ಮುಂದೆ ನಿಂತಿದ್ದೇನೆ. ನನ್ನ ಬೇಡಿಕೆ ದೊಡ್ಡದಲ್ಲ. ಒಬ್ಬ ಶಿಕ್ಷಾರ್ಥಿಯ ತಲೆಗೆ ಇಷ್ಟೆಂದು ತಾವು ತರಬೇತಿ ಕೇಂದ್ರಕ್ಕೆ ಕೊಡುವ ಹಣವನ್ನು, ಆ ಹುಡುಗನೋ ಹುಡುಗಿಯೋ ಜಿಲ್ಲೆಯ ಯಾವುದಾದರೂ ಖಾನಾವಳಿಯಲ್ಲಿ ಕಲಿಯುವುದಾದರೆ, ರೊಟ್ಟಿ ಬಡಿಯುವ ಅಕ್ಕನ ಖಾತೆಗೇ ಜಮೆ ಮಾಡಿರಿ. ಆಕೆಯ ಖಾತೆಯ ಸಂಖ್ಯೆಯಲ್ಲಿ ಸೊನ್ನೆಗಳು ಇದ್ದರೂ ನಡುನಡುವೆ ಬೇರೆ ಅಂಕಿಗಳೂ ಇರುತ್ತವೆಂಬ ಭರವಸೆಯನ್ನು ನಾನು ಕೊಡುತ್ತೇನೆ. ಎಣ್ಣೆಗಾಯಿಗೆ ಖಾರ ತುಂಬುವುದನ್ನೂ, ಜುಣಕವನ್ನು ಗಂಟಿಲ್ಲದಂತೆ ತಿರುವುವುದನ್ನೂ, ಉಂಡವನ ತಾಟು ನೋಡಿ ಕೇಳದೆಯೇ ಮೊಸರು ತಂದಿಡುವುದನ್ನೂ ಆಕೆ ಕಲಿಸಲಿ. ಹಂಸವನ್ನು ಮಡಚುವ ವಿದ್ಯೆಯನ್ನು ಉಳಿದ ಸಮಯದಲ್ಲಿ ತಾವು ಕಲಿಸಬಹುದು. ಪರೀಕ್ಷಕರ ಕೊರತೆಯೂ ಬಾರದು. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿಗಳು ಹೊರೆಹೊರೆಯಾಗಿ ಬಂದು ಬೀಳುವುದನ್ನೂ, ಬಂದವರೆಲ್ಲರಿಗೂ ದಾಸೋಹ ನಡೆಯುವುದನ್ನೂ ನೋಡಿದವರಿಗೆ, ಬೃಹತ್ ಪ್ರಮಾಣದ ಭೋಜನ ನಿರ್ವಹಣೆಯನ್ನು ಬಲ್ಲವರು ಈ ಸೀಮೆಯಲ್ಲಿ ಎಷ್ಟಿರುವರೆಂಬುದನ್ನು ನಾನು ಹೇಳಬೇಕಾಗಿಲ್ಲ.

ಈ ವಿಜ್ಞಾಪನೆಯನ್ನು ಪರಿಶೀಲಿಸಲು ತಾವು ಒಂದು ಸಮಿತಿಯನ್ನು ನೇಮಿಸುವಿರೆಂದೂ, ಆ ಸಮಿತಿಯು ಸ್ಥಳಪರಿಶೀಲನೆಗಾಗಿ ಇತ್ತ ದಯಮಾಡಿಸುವುದೆಂದೂ ನಂಬಿದ್ದೇನೆ. ಬರುವ ಸದಸ್ಯರು ಎಷ್ಟು ಮಂದಿ, ಅವರಲ್ಲಿ ಕಡಕ್ ರೊಟ್ಟಿ ಕಡಿಯಬಲ್ಲ ಹಲ್ಲಿನವರು ಎಷ್ಟು, ಬಿಸಿರೊಟ್ಟಿಯವರು ಎಷ್ಟು ಎಂಬುದನ್ನು ಎರಡು ದಿನ ಮುಂಚಿತವಾಗಿ ತಿಳಿಯಪಡಿಸಬೇಕು. ಜೋಳವನ್ನು ಅಂದಂದೇ ಬೀಸಿಸಬೇಕಾಗುತ್ತದೆ, ಗಿರಣಿಗೆ ತ್ರೀ ಫೇಜ್ ಕರೆಂಟು ಯಾವ ಹೊತ್ತಿಗೆ ಬರುವುದೆಂಬುದನ್ನು ತಮ್ಮದೇ ಇನ್ನೊಂದು ಇಲಾಖೆಯಿಂದ ಕೇಳಿ ತಿಳಿದುಕೊಂಡು ಅದೇ ಪತ್ರದಲ್ಲಿ ಬರೆದರೆ ಉಪಕಾರವಾದೀತು.

ಇಂತಿ ತಮ್ಮ ವಿಧೇಯ,
ಬಿಜ್ಜರಗಿಯ ಒಬ್ಬ ಕರದಾತ