ಸನ್ಮಾನ್ಯ ಅಮಿಲಾಯ್ಡ್ ಬೀಟಾ ಅವರ ಸನ್ನಿಧಾನಕ್ಕೆ

ಗೆ,
ಶ್ರೀಮಾನ್ ಅಮಿಲಾಯ್ಡ್ ಬೀಟಾ ಅವರು,
ನರಕೋಶಗಳ ನಡುವೆ, ಮೆದುಳು.
(ಮೂಲ ವಿಳಾಸ: 21ನೆಯ ವರ್ಣತಂತು)

ವಿಷಯ: ತಾವು ದಶಕಗಳಿಂದ ಅಲಂಕರಿಸಿರುವ ಏಕೈಕ ಆರೋಪಿಯ ಪೀಠದಲ್ಲಿ ಇತರರಿಗೂ ಕೊಂಚ ಜಾಗ ಮಾಡಿಕೊಡುವ ಕುರಿತು.

ಮಹಾಸ್ವಾಮಿಗಳೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅತ್ಯಂತ ವಿನಯದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ತಾಲ್ಲೂಕು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿ ನಿವೃತ್ತಳಾದವಳು. ದೊಡ್ಡವರಿಗೆ ಬರೆಯುವಾಗ ಈ ಧಾಟಿ ಬಿಟ್ಟು ಬೇರೆ ಬರುವುದಿಲ್ಲ, ಮನ್ನಿಸಬೇಕು. ನಮ್ಮ ಅತ್ತೆಯವರಿಗೆ ಆಲ್ಝೈಮರ್ಸ್, ತಲೆಯಲ್ಲಿ ತಾವು ಬಿಡಾರ ಹೂಡಿದ್ದೀರಿ ಎಂದು ವೈದ್ಯರು ತಿಳಿಸಿದಾಗಿನಿಂದ ತಮ್ಮ ವಿಚಾರವಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಬಡವರ ಮನೆಗೆ ತಮ್ಮಂಥವರು ದಯಮಾಡಿಸಿದ್ದು ನಮ್ಮ ಪೂರ್ವಜನ್ಮದ ಪುಣ್ಯವೇ ಸರಿ. ಮರೆವು ಶುರುವಾಗುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ತಾವು ಬಂದು ಕೂತಿರುತ್ತೀರಂತೆ. ಒಂದು ಮಾತು ತಿಳಿಸಿದ್ದರೆ ಎಲೆ ಹಾಕಿ ಬಡಿಸುತ್ತಿದ್ದೆವು.

ತಮ್ಮ ಚರಿತ್ರೆ ಓದಿ ರೋಮಾಂಚನವಾಯಿತು. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಆಗುಸ್ಟೆ ಡೀಟರ್ ಎಂಬ 51 ವರ್ಷದ ಹೆಂಗಸನ್ನು ಕರೆತಂದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಡಾ. ಅಲೋಯಿಸ್ ಆಲ್ಝೈಮರ್ ಮೆದುಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಕಂಡದ್ದು ಎರಡು: ನರಕೋಶಗಳ ಹೊರಗೆ ಕರಣೆಗಟ್ಟಿದ ತಾವೆಂಬ ಪ್ರೋಟೀನ್, ಒಳಗೆ ದಾರದುಂಡೆಯ ಹಾಗೆ ಸಿಕ್ಕುಸಿಕ್ಕಾದ ಇನ್ನೊಬ್ಬರು. ಆ ಇನ್ನೊಬ್ಬರ ಹೆಸರು ಟೌ ಎಂದು ಬಹುಕಾಲದ ಮೇಲೆ ಗೊತ್ತಾಯಿತು. ಸ್ಥಳದಲ್ಲಿ ಇಬ್ಬರು ಸಿಕ್ಕಿಬಿದ್ದರೂ ಎಫ್‌ಐಆರ್‌ನಲ್ಲಿ ಒಬ್ಬರ ಹೆಸರೇ ಮೇಲೆ ಬರುವಂತೆ ನೋಡಿಕೊಂಡ ತಮ್ಮ ಜಾಣ್ಮೆಗೆ ನಮಸ್ಕಾರ.

1984ರಲ್ಲಿ ಗ್ಲೆನ್ನರ್ ಮತ್ತು ವಾಂಗ್ ತಮ್ಮನ್ನು ಬೇರ್ಪಡಿಸಿ ಗುರುತು ಹಿಡಿದರು. 1992ರಲ್ಲಿ ಹಾರ್ಡಿ ಮತ್ತು ಹಿಗ್ಗಿನ್ಸ್ ತಮಗೆ ಪಟ್ಟಾಭಿಷೇಕವನ್ನೇ ಮಾಡಿದರು: ಮೊದಲು ಅಮಿಲಾಯ್ಡ್, ಟೌ ಸಿಕ್ಕು, ನರಕೋಶಗಳ ಸಾವು, ಮರೆವು ಎಲ್ಲ ಅದರ ಹಿಂದೆ ಹಿಂದೆ. ಸಾಕ್ಷ್ಯ ಗಟ್ಟಿಯಾಗಿಯೇ ಇತ್ತು, ಅಲ್ಲಗಳೆಯುವುದಿಲ್ಲ. ತಮ್ಮನ್ನು ತಯಾರಿಸುವ ಜೀನ್ ಕೆಟ್ಟ ಕೆಲವು ಕುಟುಂಬಗಳಲ್ಲಿ ನಲವತ್ತು ಐವತ್ತಕ್ಕೇ ಈ ಕಾಯಿಲೆ ಬರುತ್ತದೆ. 21ನೆಯ ವರ್ಣತಂತು ಒಂದು ಹೆಚ್ಚಿಗಿರುವ ಡೌನ್ ಸಿಂಡ್ರೋಮ್‌ನವರಿಗೂ ಬೇಗ ಬರುತ್ತದೆ. ತಾವು ನಿರಪರಾಧಿ ಎಂದು ವಾದಿಸಲು ನಾನು ಬಂದಿಲ್ಲ, ಸ್ವಾಮಿ. ತಮ್ಮೊಬ್ಬರ ಹಿಂದೆಯೇ ಇಡೀ ಠಾಣೆ ಹೊರಟುಹೋಯಿತಲ್ಲ ಎಂಬುದಷ್ಟೇ ನನ್ನ ಅಹವಾಲು.

ಇಲಿಗಳ ಪರವಾಗಿ ತಮಗೆ ವಿಶೇಷ ಕೃತಜ್ಞತೆ ಸಲ್ಲಬೇಕು. ಇಲಿಗಳಿಗೆ ಈ ಕಾಯಿಲೆ ತಾನಾಗಿ ಬರುವುದಿಲ್ಲ. ಪಾಪ, ಮನುಷ್ಯರ ಜೀನ್ ಸೇರಿಸಿ ಅವಕ್ಕೆ ತಮ್ಮ ದರ್ಶನ ಮಾಡಿಸಿದರು. 1999ರಲ್ಲಿ ತಮ್ಮ ವಿರುದ್ಧದ ಲಸಿಕೆ ಕೊಟ್ಟಾಗ ಅವುಗಳ ಮೆದುಳು ತೊಳೆದಿಟ್ಟ ಹಾಗಾಯಿತು. ಅದೇ ಲಸಿಕೆಯನ್ನು ಮನುಷ್ಯರಿಗೆ ಕೊಟ್ಟರೆ ಸುಮಾರು 6% ಜನರಿಗೆ ಮೆದುಳಿನ ಉರಿಯೂತ ಬಂದು 2002ರಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಲಸಿಕೆ ಪಡೆದು ಆಮೇಲೆ ತೀರಿಕೊಂಡ ಕೆಲವರ ಮೆದುಳನ್ನು ಪರೀಕ್ಷಿಸಿದ ವರದಿ 2008ರಲ್ಲಿ ಬಂತು. ತಾವು ಅಲ್ಲಿಂದ ಬಹುಮಟ್ಟಿಗೆ ಗಂಟುಮೂಟೆ ಕಟ್ಟಿದ್ದಿರಿ. ಆದರೂ ಅವರು ಕೊನೆಯ ಹಂತದ ಮರೆವಿನಲ್ಲೇ ಪ್ರಾಣ ಬಿಟ್ಟಿದ್ದರು. ಮನೆ ಖಾಲಿ ಮಾಡಿದ ಮೇಲೂ ಬಾಡಿಗೆ ವಸೂಲಿ ಮಾಡುವ ತಮ್ಮ ಶಿಸ್ತು ನಮ್ಮ ಕಂದಾಯ ಇಲಾಖೆಗೂ ಇಲ್ಲ.

ಆಮೇಲೆ ತಮ್ಮನ್ನು ಕತ್ತರಿಸಿ ಕೊಡುವ ಕಿಣ್ವಗಳ ಕೈ ಕಟ್ಟಿಹಾಕುವ ಔಷಧಗಳು ಬಂದವು. 2010ರಲ್ಲಿ ಅಂಥ ಒಂದು ಮಾತ್ರೆಯ ಪ್ರಯೋಗ ನಿಂತಾಗ ಗೊತ್ತಾಯಿತು, ಅದನ್ನು ನುಂಗಿದವರ ಸ್ಥಿತಿ ಸುಳ್ಳು ಮಾತ್ರೆ ನುಂಗಿದವರಿಗಿಂತ ಕೆಟ್ಟಿತ್ತು. ತಮ್ಮನ್ನು ಹಿಡಿದು ಹೊರಹಾಕಬೇಕಿದ್ದ ಪ್ರತಿಕಾಯ ಔಷಧಗಳಲ್ಲಿ 2012ರಲ್ಲಿ ಬಾಪಿನ್ಯೂಜುಮಾಬ್, 2016ರಲ್ಲಿ ಸೊಲಾನೆಜುಮಾಬ್ ಸೋತವು. 2002ರಿಂದ 2012ರವರೆಗೆ ಆಲ್ಝೈಮರ್ಸ್‌ಗೆಂದು ಪರೀಕ್ಷೆಗಿಳಿದ ಔಷಧಗಳಲ್ಲಿ ಫೇಲಾದವು 99.6%. ಎಸ್ಸೆಸ್ಸೆಲ್ಸಿಯಲ್ಲಿ ಇಂಥ ಫಲಿತಾಂಶ ಕೊಟ್ಟ ಶಾಲೆಯ ಹೆಡ್‌ಮಾಸ್ತರರಿಗೆ ನೋಟಿಸ್ ಹೋಗುತ್ತದೆ. ತಮ್ಮ ಶಾಲೆಗೆ ಮಾತ್ರ ಮುಂದಿನ ವರ್ಷದ ಅನುದಾನ ಮಂಜೂರಾಯಿತು. ತಮ್ಮ ಪ್ರಭಾವಳಿ ಅಂಥದ್ದು.

ಭಕ್ತರಲ್ಲಿ ಅತ್ಯುತ್ಸಾಹಿಗಳೂ ಇರುತ್ತಾರೆ. 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಮ್ಮ ಒಂದು ವಿಶೇಷ ಅವತಾರವೇ ಇಲಿಗಳ ನೆನಪನ್ನು ನುಂಗುತ್ತದೆ ಎಂಬ ಲೇಖನ ಬಂತು. ಸಾವಿರಾರು ಲೇಖನಗಳು ಅದನ್ನು ಉಲ್ಲೇಖಿಸಿದವು. ಅದರ ಚಿತ್ರಗಳನ್ನು ತಿದ್ದಲಾಗಿದೆ ಎಂಬ ಅನುಮಾನ 2022ರಲ್ಲಿ ಬಯಲಿಗೆ ಬಂತು, 2024ರಲ್ಲಿ ಲೇಖನವನ್ನೇ ಹಿಂದಕ್ಕೆ ಪಡೆದರು. ತಮ್ಮ ಪೀಠ ಆ ಒಂದು ಕಾಲಿನ ಮೇಲೆ ನಿಂತಿರಲಿಲ್ಲ, ಒಪ್ಪುತ್ತೇನೆ. ಆದರೂ ದೇವರ ಹೆಸರಿನಲ್ಲಿ ಇಷ್ಟು ವರ್ಷ ಹರಕೆ ವಸೂಲಾದಾಗ ದೇವರು ಒಮ್ಮೆಯಾದರೂ ಮೈಮೇಲೆ ಬಂದು ಹೇಳಬಹುದಿತ್ತಲ್ಲವೇ?

2021ರ ಜೂನ್‌ನಲ್ಲಿ ಅಡುಕಾನುಮಾಬ್ ಎಂಬ ಇನ್ನೊಂದು ಪ್ರತಿಕಾಯ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಅವರದೇ ತಜ್ಞರ ಸಮಿತಿ ಬೇಡ ಎಂದಿತ್ತು. ಒಪ್ಪಿಗೆ ನೋಡಿ ಮೂವರು ತಜ್ಞರು ರಾಜೀನಾಮೆ ಬಿಸಾಕಿದರು. ಬೆಲೆ ವರ್ಷಕ್ಕೆ 56,000 ಡಾಲರ್, ಆಗಿನ ಲೆಕ್ಕದಲ್ಲಿ ನಲವತ್ತು ಲಕ್ಷ ರೂಪಾಯಿಯ ಆಚೀಚೆ. ಆಮೇಲೆ ಅರ್ಧಕ್ಕಿಳಿಸಿದರು, 2024ರ ಜನವರಿಯಲ್ಲಿ ಅಂಗಡಿಯನ್ನೇ ಮುಚ್ಚುವುದಾಗಿ ಸಾರಿದರು. ತಜ್ಞರ ಟಿಪ್ಪಣಿ ಕೆಳಗೆ, ಮೇಲಿನವರ ಸಹಿ ಮೇಲೆ: ಇಂಥ ಕಡತಗಳನ್ನು ನಾನು ತಾಲ್ಲೂಕು ಮಟ್ಟದಲ್ಲಿ ಮಾತ್ರ ಕಂಡಿದ್ದೆ. ಅಂತರರಾಷ್ಟ್ರೀಯ ಮಟ್ಟದಲ್ಲೂ ತೋರಿಸಿಕೊಟ್ಟ ತಮಗೆ ಋಣಿ.

ಈಗ ಅದೇ ಬಗೆಯ ಲೆಕಾನೆಮಾಬ್‌ನ ಮಾತು. ಇದು ನಿಜವಾಗಿ ಕೆಲಸ ಮಾಡುತ್ತದೆ. 1,795 ಜನರ ಮೇಲೆ 18 ತಿಂಗಳು ನಡೆದ ಪ್ರಯೋಗದಲ್ಲಿ ಕಾಯಿಲೆಯ ಓಟ 27% ನಿಧಾನವಾಯಿತು. ಪತ್ರಿಕೆಯಲ್ಲಿ ಓದಿ ನಾನು ದೇವರಿಗೆ ದೀಪ ಹಚ್ಚಿದೆ. ಆಮೇಲೆ ಅಳತೆಗೋಲು ನೋಡಿದೆ. ನೆನಪು, ದಿಕ್ಕುಕಾಲದ ಅರಿವು, ವಿವೇಚನೆ, ಹೊರಗಿನ ವ್ಯವಹಾರ, ಮನೆಗೆಲಸ, ಸ್ವಂತದ ಆರೈಕೆ ಎಂಬ ಆರು ಬಾಬ್ತುಗಳಿಗೆ ಒಟ್ಟು 18 ಅಂಕ. ಔಷಧ ಪಡೆದವರಿಗೂ ಪಡೆಯದವರಿಗೂ ಸರಾಸರಿ ವ್ಯತ್ಯಾಸ 0.45. ಒಂದು ಬಾಬ್ತಿನಲ್ಲಿ ಇಡಬಹುದಾದ ಅತಿ ಚಿಕ್ಕ ಹೆಜ್ಜೆಯೇ 0.5.

ನಮ್ಮ ಅತ್ತೆಯವರನ್ನು ವೈದ್ಯರು ಕೂರಿಸಿಕೊಂಡು ಕೇಳುತ್ತಾರೆ, “ಅಮ್ಮಾ, ಈಗ ನಮ್ಮ ಮುಖ್ಯಮಂತ್ರಿ ಯಾರು?” ಅತ್ತೆ ಸೆರಗು ಸರಿಮಾಡಿಕೊಂಡು, “ನಿಜಲಿಂಗಪ್ಪನೋರು” ಎನ್ನುತ್ತಾರೆ. ಧ್ವನಿಯಲ್ಲಿ ಒಂಚೂರೂ ಅನುಮಾನವಿಲ್ಲ. ಗಡಿಯಾರ ಬರೆಯಿರಿ ಎಂದರೆ ಚಪಾತಿಯಂಥ ವೃತ್ತ ಬರೆದು, ಅಂಕಿಗಳನ್ನೆಲ್ಲ ಒಂದೇ ಕಡೆ ಒತ್ತಿ ತುಂಬಿ, “ಸಾಕೇನಪ್ಪ?” ಎಂದು ಕೇಳುತ್ತಾರೆ. ಸಂಜೆಯಾದರೆ ನನ್ನ ಕೈ ಹಿಡಿದು, “ನೀವು ಯಾರ ಮನೆಯೋರಮ್ಮ? ಹೊತ್ತಾಯ್ತು, ನನ್ನನ್ನ ಮನೆಗೆ ಬಿಟ್ಟು ಬನ್ನಿ” ಎನ್ನುತ್ತಾರೆ. ಸ್ವಾಮಿ, ಆ 0.45ನ್ನು ಇದರಲ್ಲಿ ಎಲ್ಲಿ ಕೂಡಿಸಬೇಕು? ಅದೂ ಈ ಔಷಧ ಆರಂಭದ ಹಂತದವರಿಗೆ ಮಾತ್ರ, ನಮ್ಮ ಅತ್ತೆ ಆ ಬಸ್ಸು ತಪ್ಪಿಸಿಕೊಂಡಾಗಿದೆ. ಬಸ್ಸು ಸಿಕ್ಕವರೂ ಮೊದಮೊದಲು ಎರಡು ವಾರಕ್ಕೊಮ್ಮೆ ಡ್ರಿಪ್ ಹಾಕಿಸಿಕೊಳ್ಳಬೇಕು, ಮೆದುಳಿನಲ್ಲಿ ಊತವೋ ರಕ್ತಸ್ರಾವವೋ ಆಗಿದೆಯೇ ಎಂದು ಎಂಆರ್‌ಐ ಮಾಡಿಸುತ್ತಿರಬೇಕು, 2023ರ ಅಮೆರಿಕದ ಬೆಲೆಯಲ್ಲಿ ವರ್ಷಕ್ಕೆ 26,500 ಡಾಲರ್ ಎಣಿಸಬೇಕಿತ್ತು. ನನ್ನ ಪಿಂಚಣಿ ಆದೇಶದ ಪ್ರತಿಯನ್ನು ಲಗತ್ತಿಸಬೇಕಾದರೆ ತಿಳಿಸುವುದು.

ತಮ್ಮ ಘನತೆಗೆ ಕುಂದು ತರುವ ಒಂದು ಸಂಗತಿಯನ್ನೂ ಹೇಳಲೇಬೇಕಾಗಿದೆ. ಅಮೆರಿಕದಲ್ಲಿ 678 ಕ್ರೈಸ್ತ ಸನ್ಯಾಸಿನಿಯರು ತಂತಮ್ಮ ಮೆದುಳನ್ನು ಸತ್ತ ನಂತರ ಸಂಶೋಧನೆಗೆ ಕೊಡಲು ಒಪ್ಪಿದ್ದರು. ಅವರಲ್ಲಿ ಸಿಸ್ಟರ್ ಮೇರಿ ಎಂಬುವರು 101 ವರ್ಷ ಬದುಕಿದರು, ಜ್ಞಾಪಕಶಕ್ತಿಯ ಪರೀಕ್ಷೆಗಳಲ್ಲಿ ಕೊನೆಯವರೆಗೂ ಒಳ್ಳೆಯ ಅಂಕ ಪಡೆದರು. ಆಮೇಲೆ ನೋಡಿದರೆ ಅವರ ಮೆದುಳಿನಲ್ಲಿ ತಾವು ಧಾರಾಳವಾಗಿ ಇದ್ದಿರಿ. ಆಕೆ ತಮ್ಮನ್ನು ಕ್ಯಾರೇ ಎಂದಿರಲಿಲ್ಲ. ಈ ಅವಮಾನವನ್ನು ತಾವು ಹೇಗೆ ನುಂಗಿಕೊಂಡಿರೋ!

ತಮ್ಮ ನೆರಳಿನಲ್ಲಿ ನೆಮ್ಮದಿಯಾಗಿ ಓಡಾಡಿಕೊಂಡಿದ್ದ ಇತರ ಆರೋಪಿಗಳ ಪಟ್ಟಿಯೂ ಈಗ ಬಂದಿದೆ. 2024ರ ಲ್ಯಾನ್ಸೆಟ್ ಆಯೋಗ 14 ಹೆಸರು ಕೊಟ್ಟಿತು: ಬಿ.ಪಿ., ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಕಿವುಡು, ಮಂಜಾದ ಕಣ್ಣು, ಬೀಡಿ ಸಿಗರೇಟು, ಕೆಟ್ಟ ಗಾಳಿ, ಶಾಲೆ ಕಾಣದ ಬಾಲ್ಯ, ಒಂಟಿತನ, ಹೀಗೆ. ಇವನ್ನೆಲ್ಲ ಬದುಕಿನುದ್ದಕ್ಕೂ ಹದ್ದುಬಸ್ತಿನಲ್ಲಿಟ್ಟರೆ ಹತ್ತಿರ ಹತ್ತಿರ 45% ಡಿಮೆನ್ಷಿಯಾವನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಅವರ ಅಂದಾಜು. 2023ರಲ್ಲಿ ಕಿವಿಯ ಮೆಷಿನ್‌ನ ಪರೀಕ್ಷೆ ನಡೆಯಿತು. ಒಟ್ಟು ಗುಂಪಿನಲ್ಲಿ ಫಲ ಕಾಣಲಿಲ್ಲ, ಆದರೆ ಹೆಚ್ಚು ಅಪಾಯದಲ್ಲಿದ್ದ ವೃದ್ಧರಲ್ಲಿ ಮೂರು ವರ್ಷದ ಕುಸಿತ ಸುಮಾರು 48% ಕಡಿಮೆಯಾಗಿತ್ತು. 2025ರಲ್ಲಿ ವೇಲ್ಸ್‌ನಿಂದ ಇನ್ನೂ ತಮಾಷೆಯ ವರದಿ. ಅಲ್ಲಿ 1933ರ ಸೆಪ್ಟೆಂಬರ್ 2ರಿಂದ ಈಚೆಗೆ ಹುಟ್ಟಿದವರಿಗೆ ಸರ್ಪಸುತ್ತಿನ ಲಸಿಕೆ ಇತ್ತು, ಹಿಂದಿನ ದಿನ ಹುಟ್ಟಿದವರಿಗೆ ಇಲ್ಲ. ಏಳು ವರ್ಷದ ಲೆಕ್ಕ ತೆಗೆದರೆ ಲಸಿಕೆ ಪಡೆದವರಲ್ಲಿ ಡಿಮೆನ್ಷಿಯಾ ಐದನೇ ಒಂದು ಭಾಗ ಕಡಿಮೆ. ಯಾವುದೋ ಗುಮಾಸ್ತ ಗೆರೆ ಎಳೆದ ಒಂದು ತಾರೀಖಿನಿಂದ ಇಷ್ಟು ವಿಷಯ ಹೊರಬಿತ್ತಲ್ಲ ಎಂದು ನನ್ನಂಥವಳಿಗೆ ಕೊಂಚ ಹೆಮ್ಮೆ.

ನಮ್ಮ ಕಡೆಯ ಸಾಕ್ಷಿಗಳೂ ಇದ್ದಾರೆ. ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಬರೆದರು: ಎರಡು ಭಾಷೆ ಆಡುವವರಿಗೆ ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ ಕಾಯಿಲೆ ಬಂದಿತ್ತು, ಓದುಬರಹ ಬಾರದವರಲ್ಲೂ. ನಮ್ಮ ಅತ್ತೆ ಕೋಲಾರದ ಕಡೆಯವರು, ಬೈಗುಳ ತೆಲುಗಿನಲ್ಲಿ, ಮುದ್ದು ಕನ್ನಡದಲ್ಲಿ. ಹೊಸ ಸೊಸೆಯಾಗಿ ಬಂದ ನನಗೆ ಬಿದ್ದ ಬೈಗುಳಗಳಿಂದ ಅವರ ಮೆದುಳಿಗಾದರೂ ವ್ಯಾಯಾಮ ಆಗಿರಬಹುದೆಂದು ಈಗ ಸಮಾಧಾನ. ಅದೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನ ಹಿಡಿದಿದ್ದಾರೆ. ಮಾವಿನ ತೋಪಿನವರ ರಕ್ತ, ನೆನಪು, ಮೆದುಳಿನ ಸ್ಕ್ಯಾನ್ ಎಲ್ಲ ದಾಖಲಾಗುತ್ತಿದೆ. ಅಲ್ಲಿ ತಾವು ಮುಖ್ಯ ಅತಿಥಿಗಳಲ್ಲ, ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಅಸಮಾಧಾನ ಪಡಬಾರದು.

ಆದ್ದರಿಂದ ಈ ಕೆಳಕಂಡ ಕೋರಿಕೆಗಳನ್ನು ಸಹಾನುಭೂತಿಯಿಂದ ಪರಿಶೀಲಿಸಬೇಕು. ಒಂದು, ತಾವು ಆರೋಪಿಯಾಗಿಯೇ ಮುಂದುವರಿಯಿರಿ, ಆದರೆ ಮಿಕ್ಕವರನ್ನು ಜೊತೆಗೆ ಕೂರಿಸಿಕೊಳ್ಳಿ. ಎರಡು, ತಮಗೆ ಸಲ್ಲುವ ಡಾಲರ್‌ಗಳಲ್ಲಿ ಒಂದು ಚೂರು ಹಳ್ಳಿಯ ಆರೋಗ್ಯ ಕೇಂದ್ರದ ಬಿ.ಪಿ. ಮಾತ್ರೆಗೆ, ಕಿವಿಯ ಮೆಷಿನ್‌ಗೆ ಬಿಟ್ಟುಕೊಡಿ. ನಮ್ಮ ಮನೆಯ ಮೆಷಿನ್ ಸಾಮಾನ್ಯವಾಗಿ ಸಾಸಿವೆ ಡಬ್ಬಿಯಲ್ಲಿ ಸಿಗುತ್ತದೆ, ಆದರೂ ಅದನ್ನು ಹಾಕಿದ ಹೊತ್ತು ಅತ್ತೆ ಮೊಮ್ಮಗಳ ಮಾತಿಗೆ ನಗುತ್ತಾರೆ. ಮೂರು, ದೇಶದಲ್ಲಿ 60 ದಾಟಿದವರಲ್ಲಿ 7.4%, ಸುಮಾರು 88 ಲಕ್ಷ ಜನ ಡಿಮೆನ್ಷಿಯಾದಲ್ಲಿದ್ದಾರೆ. ಅವರ ಹಿಂದೆ ಸ್ನಾನ ಮಾಡಿಸಿ, ಉಣ್ಣಿಸಿ, ರಾತ್ರಿ ಬಾಗಿಲಿಗೆ ಚಿಲಕ ಹಾಕಿ ಕಾಯುವ ಹೆಂಗಸರಿದ್ದಾರೆ. ಅವರಿಗೆ ವಾರದಲ್ಲಿ ಅರ್ಧ ದಿನ ಬಿಡುವು ಕೊಡಿಸುವ ಸಂಶೋಧನೆಯನ್ನೂ ಸಂಶೋಧನೆ ಎಂದೇ ಕರೆಯಲು ಅಪ್ಪಣೆ ಕೊಡಿ. ಅಳತೆಗೋಲಿನಲ್ಲಿ ಅದು 0.45ಕ್ಕಿಂತ ಹೆಚ್ಚೇ ಬಂದೀತು.

ಸೂಕ್ತ ಕ್ರಮದ ನಿರೀಕ್ಷೆಯಲ್ಲಿ,

ತಮ್ಮ ವಿಧೇಯಳಾದ,
ಒಬ್ಬ ಸೊಸೆ

ಪ್ರತಿಗಳು:
1. ಶ್ರೀ ಟೌ ಅವರಿಗೆ, ಮೊದಲಿನಿಂದ ಸ್ಥಳದಲ್ಲಿದ್ದರೂ ತಡವಾಗಿ ಕರೆಸಿದ್ದಕ್ಕೆ ವಿಷಾದದೊಂದಿಗೆ.
2. ಬಿ.ಪಿ., ಸಕ್ಕರೆ ಕಾಯಿಲೆ, ಕಿವುಡು ಮತ್ತು ಇತರರಿಗೆ, ಮುಂದಿನ ವಿಚಾರಣೆಗೆ ತಪ್ಪದೆ ಹಾಜರಾಗಲು.
3. ಪ್ರಯೋಗಾಲಯದ ಇಲಿಗಳಿಗೆ, ಸಂಪೂರ್ಣ ಗುಣಮುಖರಾದ ಬಗ್ಗೆ ಅಭಿನಂದನೆಗಳೊಂದಿಗೆ.
4. ಕಚೇರಿ ಪ್ರತಿ.